ಕಾವಿಗೆ ಕೂತ ಕೋಳಿಯನ್ನು ಎಬ್ಬಿಸಬಾರದು

ಸತ್ತವರು ಕೊನೆಗೆ ಏನಂದರು ಎಂದು ಕೇಳುವುದು ನಮ್ಮ ಕಡೆ ಒಂದು ಮರ್ಯಾದೆ. ಮಾತಾಡಿಸಲು ಬಂದವರು ಕಾಲು ತೊಳೆದು, ಕಂಬಳಿಯ ಮೇಲೆ ಕೂತು, ಸ್ವಲ್ಪ ಹೊತ್ತು ನೆಲ ನೋಡಿ, ಆಮೇಲೆ ತಪ್ಪದೆ ಅದನ್ನೇ ಕೇಳುತ್ತಾರೆ. ದೇವರ ಹೆಸರು ಹೇಳಿದರು ಎಂದರೆ ಬಂದವರಿಗೆ ಸಮಾಧಾನ. ಬಾಯಿ ಲೊಚಗುಟ್ಟಿ, ಪುಣ್ಯವಂತರು ಎಂದು ಎದ್ದು ಹೋಗುತ್ತಾರೆ. ನನ್ನ ಹೆಂಡತಿ ಫಕೀರವ್ವ ತೀರಿಕೊಂಡಾಗ ನನ್ನನ್ನೂ ಕೇಳಿದರು. ನಾನು, "ಹನುಮಪ್ಪನ ಹೆಸರು ಹೇಳಿದಳು" ಎಂದೆ. ಸುಳ್ಳು ಹೇಳಿದ ಹುಡುಗರನ್ನು ಹದಿನೈದು ವರ್ಷ ಮೂಲೆಯಲ್ಲಿ ಬಗ್ಗಿಸಿ ನಿಲ್ಲಿಸಿದ ಮಾಸ್ತರ ನಾನು. ಸೂತಕದ ಐದು ದಿನಗಳಲ್ಲಿ ಅದೇ ಸುಳ್ಳನ್ನು ನಲವತ್ತು ಸಲವಾದರೂ ಹೇಳಿರಬೇಕು. ಹೇಳಿ ಹೇಳಿ ಕೊನೆಕೊನೆಗೆ ನನಗೇ ಅದು ನಿಜವೆನಿಸಿ ಕಣ್ಣಲ್ಲಿ ನೀರು ಬರತೊಡಗಿತ್ತು.

ಅವಳು ನಿಜವಾಗಿ ಹೇಳಿದ್ದು ಕೋಳಿಯ ವಿಷಯ. ನಾಲ್ಕು ದಿನದ ಜ್ವರದಲ್ಲಿ ಕಣ್ಣು ತೆರೆದು, ನನ್ನನ್ನು ಗುರುತು ಹಿಡಿದು, "ದೊರಿಸಾನಿ ಕಾವಿಗಿ ಕುಂತಾಳ. ಅಕಿನ್ನ ಎಬ್ಬಸಬ್ಯಾಡ್ರಿ" ಎಂದಳು. ಆಮೇಲೆ ಗೋಡೆಯ ಕಡೆ ಹೊರಳಿದಳು. ಇಪ್ಪತ್ತು ವರ್ಷ ಒಟ್ಟಿಗೆ ಬಾಳಿದ ಮೇಲೆ ಗಂಡನಿಗೆ ಹೇಳಲು ಇಷ್ಟೇ ಉಳಿದಿತ್ತೇ ಎಂದು ನಾನು ಬಹಳ ಹೊತ್ತು ಕಾದೆ. ಇಷ್ಟೇ ಉಳಿದಿತ್ತು.

ದೊರೆಸಾನಿ ಎಂದರೆ ನಮ್ಮ ಕರಿಯ ಕೋಳಿ. ಒಂದು ಕಾಲನ್ನು ಎತ್ತಿ, ತನಿಖೆಗೆ ಬಂದ ಸಾಹೇಬರ ಹಾಗೆ ಅರ್ಧ ನಿಮಿಷ ಯೋಚಿಸಿ ಆಮೇಲೆ ಕೆಳಗಿಡುತ್ತಿದ್ದುದರಿಂದ ಅದಕ್ಕೆ ಆ ಹೆಸರು ಬಂದಿತ್ತು. ನಮ್ಮದು ಅಳವಂಡಿಯ ಹತ್ತಿರದ ಒಂದು ಸಣ್ಣ ಊರು. ಅಲ್ಲಿಯ ಸಾಲೆಗೆ ನಾನೊಬ್ಬನೇ ಮಾಸ್ತರ. ಮಣ್ಣಿನ ಮಾಳಿಗೆಯ ಎರಡಂಕಣದ ಮನೆ, ಹಿತ್ತಲಲ್ಲಿ ಒಂದು ನುಗ್ಗೆಮರ, ಮಗ್ಗುಲಲ್ಲಿ ಟಾಂಗಾ ಹೊಡೆಯುತ್ತಿದ್ದವನ ವಿಧವೆ ಮಾಬುಬಿಯ ಮನೆ. ಎರಡೂ ಮನೆಯ ಕೋಳಿಗಳಿಗೆ ನಡುವಿನ ಗೋಡೆ ಇದ್ದೂ ಇಲ್ಲದಂತೆ. ಅವು ಬೆಳಿಗ್ಗೆ ಅಲ್ಲಿ ಕಾಳು ತಿಂದು ಮಧ್ಯಾಹ್ನ ಇಲ್ಲಿ ತತ್ತಿ ಇಟ್ಟು ಹೋಗುತ್ತಿದ್ದವು. ಆ ಕಾರಣಕ್ಕೆ ಇಬ್ಬರು ಹೆಂಗಸರೂ ವಾರಕ್ಕೊಮ್ಮೆ ಜಗಳವಾಡಿ, ಜಗಳ ಮುಗಿದ ಮೇಲೆ ಒಬ್ಬರ ತಲೆ ಒಬ್ಬರು ಬಾಚುತ್ತಿದ್ದರು.

ಕೋಳಿಯನ್ನು ಕಾವಿಗೆ ಕೂರಿಸುವುದರಲ್ಲಿ ಫಕೀರವ್ವನದು ದೊಡ್ಡ ಶಾಸ್ತ್ರ. ಬುಟ್ಟಿಗೆ ಬೂದಿ ಹಾಕಿ, ಮೇಲೆ ಮೆತ್ತಗಿನ ಹುಲ್ಲು ಹಾಸಿ, ಗುಡುಗಿಗೆ ತತ್ತಿ ಕೆಡಬಾರದೆಂದು ಒಂದು ಕಬ್ಬಿಣದ ಮೊಳೆ ಮತ್ತು ಒಂದು ಒಣಮೆಣಸಿನಕಾಯಿ ಇಟ್ಟು, ಆಮೇಲೆ ತತ್ತಿ. ಏಳು, ಒಂಬತ್ತು, ಹನ್ನೊಂದು, ಬೆಸವೇ ಆಗಬೇಕು. ಪ್ರತಿಯೊಂದರ ಮೇಲೂ ಹಂಚಿನ ತಳದ ಮಸಿಯಿಂದ ಒಂದು ಗೀಟು. ನಾನು ನಗುತ್ತಿದ್ದೆ. "ತತ್ತಿಗೂ ಹಾಜರಿ ಹಾಕತೀಯೇನು?" ಎಂದರೆ, "ಹೂಂ ಮತ್ತ. ನಿಮ್ಮ ಸಾಲ್ಯಾಗ ಕಂಡವರ ಹುಡುಗೂರು ಬಂದು ಕುಂತ್ರ ಬಿಡತೀರೇನು? ಗುರ್ತಿಲ್ಲದ್ದು ಬುಟ್ಟ್ಯಾಗ ಹೊಕ್ಕರ ಇವಕ್ಕ ಕಾವು ಕಡಿಮಿ ಆಗತೈತಿ" ಎನ್ನುತ್ತಿದ್ದಳು. ಏಳೆಂಟು ದಿನ ಕಳೆದ ಮೇಲೆ ನಡುಮಧ್ಯಾಹ್ನ ಬಾಗಿಲು ಹಾಕಿ, ಮಾಳಿಗೆಯ ಬೆಳಕಿಂಡಿಯಿಂದ ಇಳಿಯುವ ಬಿಸಿಲುಕೋಲಿಗೆ ಒಂದೊಂದೇ ತತ್ತಿ ಹಿಡಿದು ಒಳಗೆ ಏನೋ ನೋಡುತ್ತಿದ್ದಳು. "ಸೂರ್ಯಾಗ ಆರತಿ ಆತೇನು?" ಎಂದು ನಾನು ಹೊರಗಿನಿಂದ ಕೇಳುತ್ತಿದ್ದೆ. ಒಳಗೆ ಬಂದು ನೋಡೋಣವೆಂದು ಒಂದು ದಿನವೂ ಅನಿಸಲಿಲ್ಲ. ನೋಡುವ ಅಗತ್ಯವೇನಿತ್ತು? ಅದೆಲ್ಲ ನನಗೆ ಬಾಯಿಪಾಠವಾಗಿತ್ತಲ್ಲ.

ಆಗ ನಮ್ಮ ಕಡೆ ಸರಕಾರದ ಭಾಷೆ ಉರ್ದು. ನಮ್ಮ ಸಾಲೆಯ ಉರ್ದು ಪುಸ್ತಕದಲ್ಲಿ ತತ್ತಿಯ ಮೇಲೆ ಒಂದು ಪಾಠವಿತ್ತು. ಹಳದಿಗೆ ಜರ್ದಿ, ಬಿಳಿಗೆ ಸಫೇದಿ, ನಡುವೆ ಒಂದು ಚುಕ್ಕೆ, ಆ ಚುಕ್ಕೆಯಿಂದಲೇ ಮರಿ. ಕೆಳಗೆ ಸಾಲಾಗಿ ನಾಲ್ಕು ಚಿತ್ರ: ಮೂರನೆಯ ದಿನ, ಏಳನೆಯ ದಿನ, ಹದಿನಾಲ್ಕನೆಯ ದಿನ, ಇಪ್ಪತ್ತೊಂದನೆಯ ದಿನ. ಮುಂದಿನ ಪುಟದಲ್ಲಿ ನೆನೆದ ಅವರೆಕಾಳಿನ ಚಿತ್ರ. ಎರಡು ಬೇಳೆಗಳ ನಡುವೆ ಮೂಗಿನಂಥ ಮೊಳಕೆ. ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳಿಗೆ ಇದನ್ನು ಉರ್ದುವಿನಲ್ಲಿ ಕೂಗಿಸುತ್ತಿದ್ದೆ. ಒಮ್ಮೆ ತನಿಖೆಗೆ ಬಂದ ಸಾಹೇಬರು, "ತತ್ತಿಯೊಳಗಿನ ಮರಿ ಉಸಿರಾಡುವುದು ಹೇಗೆ?" ಎಂದು ನನ್ನನ್ನೇ ಕೇಳಿಬಿಟ್ಟರು. "ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ತೂತುಗಳಿವೆ ಹುಜೂರ್" ಎಂದೆ. ಅವರು ತಲೆದೂಗಿದರು. ನಾನು ಮನೆಗೆ ಬಂದು ಅದನ್ನು ಫಕೀರವ್ವನ ಮುಂದೆ ಜಂಬದಿಂದ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಲೇ, "ಅದಕ್ಕ ಕಾವಿನ ತತ್ತಿಗಿ ನಾ ನೀರು ಮುಟ್ಟಸೂದಿಲ್ಲ" ಎಂದಳು. ಸಾಹೇಬರು ತಲೆದೂಗಿದ್ದಕ್ಕಿದ್ದ ಬೆಲೆ ಅಷ್ಟಕ್ಕೇ ಅರ್ಧ ಇಳಿಯಿತು.

ಆ ಪಾಠವನ್ನು ಅವಳು ಒಂದೇ ಒಂದು ಸಲ ಕೇಳಿ ತರಿಸಿಕೊಂಡಿದ್ದಳು. ನಮಗೆ ಮಕ್ಕಳಿಲ್ಲ. ಎರಡು ಸಲ ಬಸುರಾಗಿ ಎರಡು ಸಲವೂ ಐದನೆಯ ತಿಂಗಳಿಗೆ ಹೋದವು. ಎರಡನೆಯದಾದ ಮೇಲೆ ಒಂದು ಸಂಜೆ ಆ ಚಿತ್ರಗಳ ಪುಟವನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದರ ಮೇಲೂ ಬೆರಳಾಡಿಸಿ, "ಯಾಕ ನಿಲ್ಲೂದಿಲ್ಲ ಅಂತ ಇದರಾಗ ಬರದಾರೇನ್ರಿ?" ಎಂದು ಕೇಳಿದಳು. ಬರೆದಿಲ್ಲವೆಂದು ಗೊತ್ತಿದ್ದೂ ನಾನು ಪುಟ ತಿರುವಿದೆ. ಅವರೆಕಾಳು ಮುಗಿದ ಮೇಲೆ ಒಂಟೆಯ ಪಾಠವಿತ್ತು. "ಇಲ್ಲ" ಎಂದೆ. "ಹಂಗಾರ ಮುಚ್ಚಿಡ್ರಿ" ಎಂದಳು. ಮುಂದಿನ ವಾರ ಕುಕನೂರಿನ ಸಂತೆಯಿಂದ ಎರಡು ಹೇಂಟೆ ಕೋಳಿ ತಂದಳು.

ಇರಲಿ. ಅವಳು ಹೋದ ಮೂರನೆಯ ದಿನ, ನೀರಿನ ಕೊಡದ ಮೇಲಿನ ಗೂಟದಲ್ಲಿ ಒಂದು ಒದ್ದೆ ಬಟ್ಟೆಯ ಗಂಟು ನನ್ನ ಕಣ್ಣಿಗೆ ಬಿತ್ತು. ಜ್ವರ ಏರುವ ಮುಂಚೆ ಮಡಕಿಕಾಳು ನೆನೆಸಿ ಮೊಳಕೆಗೆ ಕಟ್ಟಿದ್ದಳು. ಕೊಡದ ತಂಪಿಗೆ ಅವು ಬಟ್ಟೆಯ ಸಂದಿನಲ್ಲೆಲ್ಲ ಬಿಳಿಯ ಬಾಲ ಹೊರಗೆ ಹಾಕಿ ಗೇಣುದ್ದ ಬೆಳೆದಿದ್ದವು. ಕಟ್ಟಿದವಳು ಹೋದ ಸುದ್ದಿ ಕಾಳಿಗೆ ಮುಟ್ಟಿರಲಿಲ್ಲ. ಅದನ್ನು ನೋಡಿದಾಗಲೇ ನನಗೆ ಕೋಳಿಯ ನೆನಪಾಗಿ ಅಡುಗೆಮನೆಯ ಮೂಲೆಗೆ ಓಡಿದ್ದು. ದೊರೆಸಾನಿ ಬುಟ್ಟಿಯಲ್ಲಿ ಕಲ್ಲಿನ ಹಾಗೆ ಕೂತಿತ್ತು. ಮನೆಯಲ್ಲಿ ಅತ್ತು ಕರೆದು ಅಷ್ಟು ಗದ್ದಲವಾಗಿದ್ದರೂ ಎದ್ದಿರಲಿಲ್ಲ. ನನ್ನನ್ನು ಕಂಡು ಗರಿ ಕೆದರಿ ಗುರ್ ಎಂದಿತು. ಅವಳು ಹೋದ ಮೇಲೆ ನನ್ನ ಮೇಲೆ ಸಿಟ್ಟಾದ ಮೊದಲ ಜೀವ ಅದು. ಉಳಿದವರೆಲ್ಲ ನನಗೆ ಮರುಗುತ್ತಿದ್ದರು. ಸ್ವಲ್ಪ ಹಾಯೆನಿಸಿತು.

ಐದನೆಯ ದಿನ ಸೂತಕ ಕಳೆಯುವುದು. ಕುಷ್ಟಗಿಯಿಂದ ನನ್ನ ಅಕ್ಕ ಗಂಗವ್ವ ಬಂದಿದ್ದಳು. ಅಕ್ಕ ಕೆಲಸಕ್ಕೆ ಇಳಿದರೆ ಮನೆ ನಡುಗುತ್ತದೆ. ಮಣ್ಣಿನ ಗಡಿಗೆ ಹೊರಗೆ ಎಸೆಸಿದಳು, ಹಾಸಿಗೆ ಮಡಿವಾಳರಿಗೆ ಹಾಕಿದಳು, ಗೋಡೆಗೆ ಸುಣ್ಣ, ನೆಲಕ್ಕೆ ಸಗಣಿ. ಮೊಳಕೆಯ ಗಂಟನ್ನೂ ಎಸೆದಳು. ಆಮೇಲೆ ಬುಟ್ಟಿಯ ಮುಂದೆ ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ತಮ್ಮಾ, ಇವತ್ತಿನ ಊಟಕ್ಕ ಕೋಳಿ ಮನ್ಯಾಗ ಐತಲ್ಲೋ."

"ಅದು ಕಾವಿಗಿ ಕುಂತೈತಿ ಅಕ್ಕಾ."

"ಸೂತಕದ ಮನ್ಯಾಗಿನ ತತ್ತಿ. ಹೊರಗ ಒಗದ್ರ ಆತು."

"ಒಗಿಯೂದಿಲ್ಲ."

ಅಕ್ಕನ ಮಾತಿಗೆ ನಾನು ಎದುರು ಹೇಳಿದ್ದು ಅದೇ ಮೊದಲು. ಅವಳಿಗೂ ಆಶ್ಚರ್ಯವಾಗಿರಬೇಕು. ಸ್ವಲ್ಪ ಮೆತ್ತಗಾಗಿ, "ಹಂಗಾರ ತೊಳದರ ಇಡು. ಮನ್ಯಾಗಿನ ಒಂದು ಚಮಚಾನೂ ಬಿಟ್ಟಿಲ್ಲ ನಾ" ಎಂದಳು. ರಾಜಿಯಾಯಿತಲ್ಲ ಎಂದು ನನಗೆ ಸಂತೋಷ. ತಂಬಿಗೆಯಲ್ಲಿ ನೀರು, ಒಂದು ಅರಿವೆ ಚಿಂದಿ ಹಿಡಿದು ಕೂತು, ಕೋಳಿಯ ಕೊಕ್ಕಿನಿಂದ ಕೈಗೆ ಮೂರು ಗಾಯ ಮಾಡಿಸಿಕೊಂಡು, ಒಂಬತ್ತೂ ತತ್ತಿಗಳನ್ನು ಲಕ್ಷಣವಾಗಿ ತೊಳೆದೆ. ಮೇಲೆ ಏನೋ ಕಪ್ಪು ಹತ್ತಿತ್ತು. ಅದು ಹೋಗದಿದ್ದಾಗ ಉಗುರಿನಿಂದ ಕೆರೆದು ತೆಗೆದೆ. ಬೆಳ್ಳಗೆ ಹೊಳೆಯುವ ತತ್ತಿಗಳನ್ನು ತಿರುಗಿ ಬುಟ್ಟಿಗಿಟ್ಟಾಗ ನನ್ನ ಕೆಲಸದ ಬಗ್ಗೆ ನನಗೇ ಹೆಮ್ಮೆಯಾಯಿತು. ಚಿಪ್ಪಿನಲ್ಲಿ ತೂತುಗಳಿವೆ ಹುಜೂರ್ ಎಂದವನೂ ನಾನೇ, ಹೆಂಡತಿಯ ಕೊನೆಯ ಗೀಟುಗಳನ್ನು ಕೆರೆದು ತೆಗೆದವನೂ ನಾನೇ.

ಅಕ್ಕ ಮರುದಿನ ಹೊರಟಳು. ಹೊರಡುವಾಗ, ಕುಷ್ಟಗಿಯಲ್ಲಿ ತನ್ನ ನಾದಿನಿಯ ಕಡೆಯ ಒಬ್ಬಳು ಇದ್ದಾಳೆಂದೂ, ಒಳ್ಳೆಯ ಗುಣದವಳೆಂದೂ, ವರ್ಷ ತುಂಬುವುದನ್ನು ಕಾಯುತ್ತ ಕೂರಬೇಕಿಲ್ಲವೆಂದೂ ಹೇಳಿದಳು. "ಕುಂತಷ್ಟೂ ಏಳಾಕ ಆಗೂದಿಲ್ಲ ತಮ್ಮಾ" ಎಂದಳು. ಅಕ್ಕನ ಕಾಳಜಿ ನನಗೆ ಗೊತ್ತು. ಹಾಗೆಂದು ಸುಣ್ಣ ಬಳಿಸಿ ಒಂದು ದಿನವಾಗಿಲ್ಲ, ಗೋಡೆಯಾದರೂ ಒಣಗಬೇಡವೇ?

ನಾಲ್ಕು ದಿನ ಕಳೆಯಿತು. ದೊರೆಸಾನಿ ದಿನಕ್ಕೊಮ್ಮೆ ಎದ್ದು ಕಾಳು ತಿಂದು, ನೀರು ಕುಡಿದು, ಬೂದಿಯಲ್ಲಿ ಹೊರಳಿ ಬರುತ್ತಿತ್ತು. ಅಷ್ಟು ಹೊತ್ತು ನಾನು ಸಾಲೆಯಲ್ಲಿ. ಐದನೆಯ ದಿನ ನೋಡುತ್ತೇನೆ, ಕೋಳಿಯ ರೆಕ್ಕೆಯ ಆಚೆ ಈಚೆ ತತ್ತಿ ಇಣುಕುತ್ತಿವೆ. ಎಣಿಸಿದೆ. ಹದಿನಾಲ್ಕು. ಮೊದಲು ನನಗೆ ಖುಷಿಯೇ ಆಯಿತು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನಾನು ಕರೆದದ್ದಕ್ಕೆ ಮಾಬುಬಿ ಒಳಗೆ ಬಂದು ನೋಡಿ ಹಣೆ ಬಡಿದುಕೊಂಡಳು.

"ಯಾ ಅಲ್ಲಾ! ನಿಮ್ಮ ಕೆಂಪಿ, ನಮ್ಮ ಚುಕ್ಕಿ ಎಲ್ಲಾ ಬಂದು ಇಲ್ಲೇ ಇಟ್ಟು ಹೋಗ್ಯಾವಲ್ರೀ ಮಾಸ್ತರ. ಗೀಟು ಇಲ್ಲದ್ದು ಆರಿಸಿ ತಗೀರಿ ಲಗೂನ. ಅಷ್ಟಕ್ಕೆಲ್ಲಾ ಅದರ ಮೈ ಎಲ್ಲಿ ಸಾಲತೈತಿ? ಅಂಚಿನವು ತಣ್ಣಗಾಗಿ ಸಾಯತಾವ."

"ಯಾವುದಕ್ಕೂ ಗೀಟು ಇಲ್ಲ."

"ಹಂಗ ಹ್ಯಾಂಗ? ನನ್ನ ಮುಂದನ ಹಾಕ್ಯಾಳ ಫಕೀರವ್ವಕ್ಕ."

"ತೊಳದೆ."

ಮಾಬುಬಿ ನನ್ನನ್ನು ನೋಡಿದಳು. ಬೈಗುಳಕ್ಕೆ ಬಾಯಿ ತೆರೆದವಳು ಮುಚ್ಚಿದಳು. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು. ಯಾಕೋ ಆಗ ತಡೆಯದೆ, ನಲವತ್ತು ಜನರಿಗೆ ಹೇಳಿದ ಸುಳ್ಳನ್ನು ಬಿಟ್ಟು, ಫಕೀರವ್ವ ಕೊನೆಗೆ ಏನಂದಳು ಎಂಬುದನ್ನು ಅವಳಿಗೆ ಹೇಳಿಬಿಟ್ಟೆ. ಹನುಮಪ್ಪನ ಹೆಸರು ಹೇಳಲಿಲ್ಲ, ಕೋಳಿಯ ಮಾತು ಹೇಳಿದಳು. ಎಬ್ಬಿಸಬೇಡ ಎಂದಿದ್ದಳು, ನಾನು ಎಬ್ಬಿಸಿ, ತೊಳೆದು, ಕೆಡಿಸಿ ಇಟ್ಟೆ ಎಂದೆ. ಮಾಬುಬಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಮ್ಮೆಲೇ ನಕ್ಕುಬಿಟ್ಟಳು. "ಅಕ್ಕ ಅಂದ್ರ ಅಕ್ಕನ! ಜೀವ ಹೋಗೂ ಹೊತ್ತಿನ್ಯಾಗೂ ಗಂಡನ ಶಾಣ್ಯಾತನ ಆಕಿಗಿ ಗೊತ್ತಿತ್ತು ನೋಡ್ರಿ. ಬರ್ರಿ, ಬಾಗಲಾ ಹಾಕ್ರಿ. ಬೆಳಕಿಂಡ್ಯಾಗ ಬಿಸಲು ಐತಿ."

ಆ ದಿನ ರಜೆ. ಯುದ್ಧದ ಕಾಲ, ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಸಿಕ್ಕಿದ್ದರೂ ಆ ಕೆಲಸಕ್ಕೆ ಕಂದೀಲು ಸಾಲುತ್ತಿರಲಿಲ್ಲ. ಬಾಗಿಲು ಹಾಕಿದ ಕೂಡಲೆ ಮನೆ ಕತ್ತಲಾಗಿ, ನಡುವೆ ಬಿಸಿಲುಕೋಲು ಕಂಬದ ಹಾಗೆ ನಿಂತಿತು. ಮಾಬುಬಿಗೆ ಕಣ್ಣಿನಲ್ಲಿ ಪೊರೆ. "ನೀವು ನೋಡಿ ಹೇಳ್ರಿ, ನಾ ಯಾವುದು ಅಂತ ಹೇಳತೀನಿ" ಎಂದಳು. ಅಂತೂ ಹದಿನೈದು ವರ್ಷ ಪಾಠ ಹೇಳಿದವನು ಮೊದಲ ಸಲ ತತ್ತಿಯ ಒಳಗೆ ನೋಡಿದೆ.

ಮೊದಲನೆಯದರಲ್ಲಿ ಏನೂ ಇರಲಿಲ್ಲ. ತಿಳಿಗೆಂಪು ಬೆಳಕು, ನಡುವೆ ಮಬ್ಬು ನೆರಳು. "ಅದು ಹೊಸಾದು, ತಗೀರಿ." ಎರಡನೆಯದರಲ್ಲಿ ಕುಂಕುಮದ ಚುಕ್ಕೆಯಷ್ಟು ಕೆಂಪು, ಅದರ ಸುತ್ತ ಜೇಡನ ಕಾಲಿನಂಥ ಸಣ್ಣ ನರಗಳು. ಚುಕ್ಕೆ ಬಡಿದುಕೊಳ್ಳುತ್ತಿತ್ತು. ಪುಸ್ತಕದ ಮೂರನೆಯ ದಿನದ ಚಿತ್ರ. ಪುಸ್ತಕದಲ್ಲಿ ಮಾತ್ರ ಅದು ಬಡಿದುಕೊಳ್ಳುತ್ತಿರಲಿಲ್ಲ. "ಇದು ನಮ್ಮ ಚುಕ್ಕೀದ ಇರಬೇಕು. ನಮ್ಮ ಮನ್ಯಾಗ ಬಿಳಿ ಕೋಳಿ ಮೊನ್ನೆರ ಕಾವಿಗಿ ಕುಂತೈತಿ, ಅದರ ಕೆಳಗ ಇಡತೀನಿ." ಮೂರನೆಯದನ್ನು ಹಿಡಿದಾಗ ಅರ್ಧಕ್ಕಿಂತ ಹೆಚ್ಚು ಕಪ್ಪು, ಅಂಚಿನಲ್ಲಿ ಭೂಪಟದ ನದಿಗಳಂತೆ ನರಗಳು, ದಪ್ಪನೆಯ ತುದಿಯಲ್ಲಿ ಖಾಲಿ ಜಾಗ. ನೋಡುತ್ತಿದ್ದ ಹಾಗೆ ಆ ಕಪ್ಪು ಒಳಗಿನಿಂದ ಒದೆಯಿತು. "ಒದೀತೇನ್ರಿ?" ಎಂದಳು ಮಾಬುಬಿ. "ಒದೀತು." "ಅದು ಅಕ್ಕಂದು."

ಹಾಗೆ ಅವಳವು ಏಳು ಸಿಕ್ಕವು. ಹೊಸವು ಮೂರು, ಜೇಡನ ಕಾಲಿನವು ಎರಡು. ಉಳಿದೆರಡರಲ್ಲಿ ನರಗಳಿರಲಿಲ್ಲ, ಒದೆತವಿರಲಿಲ್ಲ. ಒಂದು ಮಗ್ಗುಲಿಗೆ ಅಂಟಿಕೊಂಡ ಕಪ್ಪು ಮಾತ್ರ. "ಅವೂ ಅಕ್ಕನವ. ನಡಕ ನಿಂತಾವ" ಎಂದಳು ಮಾಬುಬಿ. "ಒಗದು ಬಿಡ್ರಿ, ಮುಂದ ಒಡದು ನಾರತಾವ." ನಾನು ಹೂಂ ಎಂದೆ. ಅವಳು ಆಚೆ ಹೋದ ಮೇಲೆ ಆ ಎರಡನ್ನೂ ತಿರುಗಿ ಬುಟ್ಟಿಗೇ ಇಟ್ಟೆ. ನನ್ನ ನೀರು ತಾಗಿ ನಿಂತವೋ ಅದಕ್ಕೂ ಮೊದಲೇ ನಿಂತಿದ್ದವೋ ಪುಸ್ತಕದಲ್ಲಿ ಬರೆದಿರಲಿಲ್ಲ. ಆಮೇಲೆ ಹಂಚಿನ ತಳಕ್ಕೆ ಬೆರಳು ಒರೆಸಿ ಒಂಬತ್ತಕ್ಕೂ ಒಂದೊಂದು ಗೀಟು ಹಾಕಿದೆ. ನನ್ನ ಗೀಟು ಅವಳದರಷ್ಟು ನೆಟ್ಟಗೆ ಬರಲಿಲ್ಲ.

ಮುಂದಿನ ಎಂಟು ದಿನ ನಾನು ಯಾರ ಮನೆಗೂ ಹೋಗಲಿಲ್ಲ. ಸಾಲೆ ಬಿಟ್ಟ ಕೂಡಲೆ ಮನೆ, ಮನೆಗೆ ಬಂದ ಕೂಡಲೆ ಬುಟ್ಟಿಯ ಮುಂದಿನ ಮಣೆ. ಕೋಳಿಗೂ ನನಗೂ ಒಂದು ಒಪ್ಪಂದವಾಗಿತ್ತು: ನಾನು ಮುಟ್ಟಬಾರದು, ಅದು ಕುಕ್ಕಬಾರದು. ಮಾತಾಡಲು ಅಡ್ಡಿಯಿರಲಿಲ್ಲ. ರೊಟ್ಟಿ ಸುಟ್ಟದ್ದು, ಅಕ್ಕನ ಕಾಗದ ಬಂದದ್ದು ಎಲ್ಲ ಹೇಳುತ್ತಿದ್ದೆ. ಹೆಂಡತಿ ಬದುಕಿದ್ದಾಗ ಸಂಜೆ ಇಷ್ಟು ಮಾತಾಡಿದ್ದೆನೇ ಎಂದು ನೆನಪು ಮಾಡಿಕೊಂಡೆ. ಮಾತಾಡಿರಲಿಲ್ಲ. ಅವಳು ಹೇಳುತ್ತಿದ್ದಳು, ನಾನು ಹೂಂ ಎನ್ನುತ್ತಿದ್ದೆ. ಈಗ ನಾನು ಹೇಳುತ್ತಿದ್ದೆ, ದೊರೆಸಾನಿ ಹೂಂ ಎನ್ನುತ್ತಿತ್ತು.

ಎಂಟನೆಯ ದಿನ ಬೆಳಿಗ್ಗೆ ಒಪ್ಪಂದ ಮುರಿದು ಒಂದು ತತ್ತಿಯನ್ನು ಕಿವಿಗೆ ಹಿಡಿದರೆ ಒಳಗಿನಿಂದ ಚಿಂವ್ ಎಂದಿತು. ಚಿಪ್ಪಿನ ಮೇಲೆ ಜೋಳದ ಕಾಳಿನಷ್ಟು ಬಿರುಕು. ನಾನು ಸಾಲೆಗೆ ಹೋಗಿ, ಹುಡುಗರಿಗೆ ತಪ್ಪು ಮಗ್ಗಿ ಹೇಳಿಕೊಟ್ಟು, ಊಟದ ಬಿಡುವಿಗೆ ಓಡಿಬಂದೆ. ಬಿರುಕು ಹಾಗೇ ಇತ್ತು. ಕೊಕ್ಕು ಕಾಣುತ್ತಿತ್ತು, ಆದರೆ ಅಲುಗಾಡುತ್ತಿರಲಿಲ್ಲ. ಇದೂ ನಡುವೆ ನಿಂತಿತು ಎಂದು ಉಗುರಿನಿಂದ ಚಿಪ್ಪು ಬಿಡಿಸತೊಡಗಿದೆ. ಎರಡು ಚೂರು ಬಂದವು. ಮೂರನೆಯದರ ಜೊತೆಗೆ ರಕ್ತ ಬಂತು. ನನ್ನ ಕೂಗಿಗೆ ಮಾಬುಬಿ ಹಿಟ್ಟಿನ ಕೈಯಲ್ಲೇ ಬಂದಳು.

"ಕೈ ತಗೀರಿ! ಅದಕ್ಕ ಆಯಾಸ ಆಗಿ ಕುಂತೈತಿ. ಒಳಗಿನ ರಗತ ಒಳಗ ಎಳಕೊಳ್ಳೂ ಮಟಾ ಹೊರಗ ಬರೂದಿಲ್ಲ. ನಿಮ್ಮ ಹುಡುಗೂರಿಗಿ ಕಿವಿ ಹಿಂಡಿದಂಗ ಇದಕ್ಕೂ ಹಿಂಡತೀರೇನು? ಅದರ ಹೊತ್ತು ಅದಕ್ಕ ಗೊತ್ತೈತಿ."

ಮರುದಿನ ಸಂಜೆಯ ಹೊತ್ತಿಗೆ ಏಳೂ ಮರಿ ಹೊರಗೆ ಬಂದವು. ನಾನು ಬಿಡಿಸಲು ಹೋದದ್ದು ಎಲ್ಲಕ್ಕಿಂತ ಕೊನೆಗೆ ಬಂತು. ಅದರ ಎಡಗಾಲು ಸ್ವಲ್ಪ ಸೊಟ್ಟ. ಬದುಕಿರುವವರೆಗೂ ಅದು ನನ್ನನ್ನು ಕಂಡರೆ ಕುಂಟುತ್ತಲೇ ದೂರ ಓಡುತ್ತಿತ್ತು. ಅದರಲ್ಲಿ ತಪ್ಪೇನೂ ಇಲ್ಲ.

ಅದರ ಮರುದಿನ ದೊರೆಸಾನಿ ಎದ್ದಿತು. ಬುಟ್ಟಿಯಿಂದ ಇಳಿದು, ಒಂದು ಕಾಲೆತ್ತಿ, ಯೋಚಿಸಿ, ಕೆಳಗಿಟ್ಟು, ಏಳು ಮರಿಗಳನ್ನು ಹಿಂದೆ ಕಟ್ಟಿಕೊಂಡು ಹಿತ್ತಲಿಗೆ ನಡೆಯಿತು. ತಿರುಗಿ ಬುಟ್ಟಿಯ ಕಡೆ ನೋಡಲಿಲ್ಲ. ಬುಟ್ಟಿಯಲ್ಲಿ ಆ ಎರಡು ತತ್ತಿ, ಮೊಳೆ, ಮೆಣಸಿನಕಾಯಿ. ಇನ್ನೂ ಬೆಚ್ಚಗಿದ್ದವು. ನಾನು ಅವೆರಡನ್ನೂ ಕೈಯಲ್ಲಿ ಹಿಡಿದುಕೊಂಡೆ. ಎಷ್ಟು ಹೊತ್ತು ಹಿಡಿದು ಕೂತಿದ್ದೆನೋ ತಿಳಿಯದು. ಬಿಸಿಲುಕೋಲು ಗೋಡೆಯಿಂದ ನೆಲಕ್ಕಿಳಿದು ನನ್ನನ್ನು ದಾಟಿ ಆಚೆ ಗೋಡೆಗೆ ಹೋಗಿತ್ತು. ಮಾಬುಬಿ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಸಲಿಕೆ ಇತ್ತು. ನಾನು ತತ್ತಿ ಒಗೆಯಲಿಲ್ಲವೆಂದು ಅವಳಿಗೆ ಮೊದಲಿಂದಲೂ ಗೊತ್ತಿತ್ತೆಂದು ಕಾಣುತ್ತದೆ.

"ನುಗ್ಗೀಗಿಡದ ಬುಡಕ್ಕ ಕುಣಿ ತೋಡೀನಿ" ಎಂದಳು. ಐದನೆಯ ತಿಂಗಳ ಆ ಎರಡು ಸಲವೂ ಅಲ್ಲಿ ಕುಣಿ ತೋಡಿದವಳು ಅವಳೇ.

ನಾನು ಏಳಲಿಲ್ಲ.

"ಮಾಸ್ತರ್ರ," ಎಂದಳು, "ಅಕ್ಕ ಎಬ್ಬಸಬ್ಯಾಡ್ರಿ ಅಂದದ್ದು ಕೋಳೀನ್ನ ರೀ. ಅದು ಎದ್ದು ಹೋತು. ನೀವ್ಯಾಕ ಕುಂತೀರಿ?"

ಅದು ಪಾಠದಲ್ಲಿ ಇರಲಿಲ್ಲ. ಎರಡೂ ತತ್ತಿಗಳನ್ನು ಎದೆಗೆ ಹಿಡಿದುಕೊಂಡು, ಗೋಡೆಗೆ ಭುಜ ಕೊಟ್ಟು, ಹೇಗೋ ಎದ್ದೆ. ಅಷ್ಟು ದಿನ ಮಣೆಯ ಮೇಲೆ ಮಡಿಸಿಟ್ಟ ಮೊಣಕಾಲು ಎರಡೂ ಚಟಕ್ ಎಂದವು. ಹಿತ್ತಲಲ್ಲಿ ಮಣ್ಣು ಕೆದರುತ್ತಿದ್ದ ದೊರೆಸಾನಿ ಆ ಸದ್ದಿಗೆ ತಲೆಯೆತ್ತಿ, ಇನ್ನೊಂದು ತತ್ತಿ ಎಲ್ಲಿ ಒಡೆಯಿತು ಎಂಬಂತೆ ನನ್ನ ಕಡೆಗೆ ತಿರುಗಿ ನೋಡಿತು.